ರೋಮಿನ ಮಗ್ಗಿ

ಹತ್ತಬೇಕಾದ ಮೆಟ್ಟಿಲು 124. ಅರ್ಧಕ್ಕೆ ಬರುವಷ್ಟರಲ್ಲಿ ಬಲ ಮೊಣಕಾಲು ತಕರಾರು ತೆಗೆಯಿತು. ಪಕ್ಕದಲ್ಲೇ ನಯವಾದ ಇಳಿಜಾರಿನ ದಾರಿಯಿದೆ, ಅಲ್ಲಿಂದಲೇ ಹೋಗೋಣ ಎಂದು ಮಗಳು ಹೇಳಿದ್ದಳು. ಹಟ ಹಿಡಿದು ಈ ಕಡಿದಾದ ಮೆಟ್ಟಿಲಿಗೆ ಬಂದವನು ನಾನೇ.

ರೋಮಿನ ಕ್ಯಾಪಿಟೋಲ್ ಗುಡ್ಡದ ಮೇಲಿರುವ ಸಾಂತಾ ಮಾರಿಯಾ ಇನ್ ಅರಾಚೇಲಿ ಎಂಬ ಇಗರ್ಜಿಯ ಮೆಟ್ಟಿಲುಗಳಿವು. 1348ರಲ್ಲಿ, ಪ್ಲೇಗಿನ ಮಹಾಮಾರಿ ತೊಲಗಿದ್ದಕ್ಕೆ ಹರಕೆ ತೀರಿಸಲು ಕಟ್ಟಿದ್ದಂತೆ. ಎಣಿಸುತ್ತ ಹತ್ತುತ್ತಿದ್ದವನಿಗೆ ಎಪ್ಪತ್ತರ ಆಸುಪಾಸಿನಲ್ಲಿ ಲೆಕ್ಕ ತಪ್ಪಿತು. ಅಂಕಿಗಳ ಜಾಗದಲ್ಲಿ ಬಾಯಿಗೆ ತಾನಾಗಿಯೇ ಬೇರೇನೋ ಬರತೊಡಗಿತು: ಆಗಸ್ಟಸ್, ಟೈಬೀರಿಯಸ್, ಕ್ಯಾಲಿಗುಲಾ, ಕ್ಲಾಡಿಯಸ್, ನೀರೋ. ಅದೂ ರಾಗವಾಗಿ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು ಅನ್ನುತ್ತೇವಲ್ಲ, ಅದೇ ರಾಗ.

"ಎಂತ ಗೊಣಗ್ತಿದ್ದೀಯ ಅಪ್ಪಾ?" ಅಂದಳು ಮಗಳು.

ಏನೆಂದು ಹೇಳುವುದು. ನಲವತ್ತು ವರ್ಷಕ್ಕೂ ಹಿಂದಿನ ಒಂದು ಬಾಡಿಗೆ ಕೋಣೆ, ಅಕ್ಕಿ ಗಿರಣಿಯ ಹಿಂಬದಿಯದು, ಗಿರಣಿ ಓಡುವಾಗ ಗೋಡೆಯ ಸುಣ್ಣ ಉದುರುತ್ತಿದ್ದದ್ದು, ಒಮ್ಮೆಗೇ ಎದ್ದು ಬಂದು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಿತ್ತು.

ನಾವು ಮೂವರಿದ್ದೆವು. ನಾನು ಇಕ್ಕೇರಿಯ ಹತ್ತಿರದ ಒಂದು ಅಡಕೆ ತೋಟದ ಮನೆಯವನು. ಇನ್ನೊಬ್ಬ ಪಕ್ಕದೂರಿನ ಒಕ್ಕಲು ಮನೆಯವನು. ಮೂರನೆಯವನು ಘಟ್ಟದ ಕೆಳಗಿನವನು, ಗೇರುಸೊಪ್ಪೆ ಕಡೆಯವನು. ಊರಿಗೆ ಹೋಗಿ ಬಂದಾಗೆಲ್ಲ ಒಣಮೀನಿನ ಪೊಟ್ಟಣ ತಂದು, ನನ್ನ ಜನಿವಾರಕ್ಕೆ ಗೌರವ ಕೊಟ್ಟು ಅದನ್ನು ಕೋಣೆಯ ಹೊರಗೆ ಸುಟ್ಟು ತಿನ್ನುತ್ತಿದ್ದ. 1979ರಲ್ಲಿ ಬಿ.ಎ.ಗೆ ಸೇರಿದ್ದೆವು. ಎರಡನೇ ವರ್ಷದಲ್ಲಿ 'ಪಾಶ್ಚಾತ್ಯ ನಾಗರಿಕತೆಯ ಇತಿಹಾಸ' ಎಂಬ ಪೇಪರು ಎದುರಾಯಿತು. ಮೂವರಲ್ಲಿ ಯಾರೂ ಶಿವಮೊಗ್ಗದಿಂದಾಚೆ ಹೋದವರಲ್ಲ. ಸಮುದ್ರ ನೋಡಿದ್ದವನು ಗೇರುಸೊಪ್ಪೆಯವನೊಬ್ಬನೇ, ಅದರಿಂದಾಗಿ ಮೆಡಿಟರೇನಿಯನ್ ಬಗ್ಗೆ ಅವನ ಮಾತೇ ಕೊನೆಯ ಮಾತು.

ನಮ್ಮ ಮೇಷ್ಟ್ರು ಬಯಲುಸೀಮೆಯವರು. ಯುರೋಪು ಬಿಡಿ, ವಿಮಾನವನ್ನೂ ಹತ್ತಿರದಿಂದ ಕಂಡವರಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಆದರೆ ಸೀಮೆಸುಣ್ಣ ಹಿಡಿದರೆ ಸಾಕು, ಜಿಬ್ರಾಲ್ಟರ್‌ನಿಂದ ಕಾನ್‌ಸ್ಟಾಂಟಿನೋಪಲ್‌ವರೆಗಿನ ಇಡೀ ಕರಾವಳಿಯನ್ನು ಕೈಯೆತ್ತದೆ ಒಂದೇ ಎಳೆಯಲ್ಲಿ, ನಮ್ಮ ಅಮ್ಮಂದಿರು ರಂಗೋಲಿ ಎಳೆದ ಹಾಗೆ ಎಳೆದುಬಿಡುತ್ತಿದ್ದರು. "ಇಟಲಿ ಬೂಟಿನ ಆಕಾರ ಕಣ್ರಯ್ಯಾ" ಎಂದು ಹೇಳಿ, ಹವಾಯಿ ಚಪ್ಪಲಿಯ ನಮ್ಮ ಕಾಲುಗಳನ್ನೊಮ್ಮೆ ನೋಡಿ, "ಮೊಣಕಾಲವರೆಗೂ ಕೆಸರು ಮೆತ್ತಿದ ಕಾಲು ಅಂದ್ಕೊಳ್ಳಿ" ಎಂದಿದ್ದರು. ಈಗಲೂ ಭೂಪಟದಲ್ಲಿ ಇಟಲಿ ಕಂಡರೆ ಗದ್ದೆಯಿಂದ ಎದ್ದು ಬಂದ ಕಾಲೇ ಕಾಣುತ್ತದೆ.

ನಕ್ಷೆ ಮುಗಿದರೆ ನೋಟ್ಸ್. ಅಲ್ಪವಿರಾಮ, ಪೂರ್ಣವಿರಾಮ, 'ಹೊಸ ಪ್ಯಾರಾ' ಎಲ್ಲವನ್ನೂ ಸೇರಿಸಿ ಬರೆಸುತ್ತಿದ್ದರು. ಪ್ರಪಂಚದಲ್ಲಿ ನಡೆದ ಯಾವುದೇ ಸಂಗತಿಗೂ ಮೂರು ತಲೆಬರಹ: ಕಾರಣಗಳು, ಘಟನೆಗಳು, ಪರಿಣಾಮಗಳು. ರೋಮ್ ಪತನಕ್ಕೆ ಹತ್ತು ಕಾರಣ, ಫ್ರೆಂಚ್ ಕ್ರಾಂತಿಗೆ ಹನ್ನೆರಡು. ಒಕ್ಕಲು ಮನೆಯ ಗೆಳೆಯ, ಪ್ರೇಮಪತ್ರಕ್ಕೆ ಉತ್ತರ ಬಾರದ ದಿನ, ಅದೇ ಮಾದರಿಯಲ್ಲಿ 15 ಅಂಕಕ್ಕೆ ಒಂದು ಪ್ರಬಂಧ ಬರೆದು ಗೋಡೆಗೆ ಅಂಟಿಸಿದ್ದ. 'ದೂರಗಾಮಿ ಪರಿಣಾಮಗಳು' ಎಂಬ ಕಡೆ ಖಾಲಿ ಬಿಟ್ಟಿದ್ದ.

ರಾತ್ರಿ ಊಟ ಎಂದರೆ ಗಂಜಿ, ನಮ್ಮ ಮನೆಯ ಅಪ್ಪೆಮಿಡಿ ಉಪ್ಪಿನಕಾಯಿ. ಆಮೇಲೆ ಮೂವರೂ ಗೋಡೆಗೊರಗಿ ಚಕ್ರವರ್ತಿಗಳ ಮಗ್ಗಿ ಶುರು ಮಾಡುತ್ತಿದ್ದೆವು. ನೀರೋ ತನಕ ಸಲೀಸು. ಕ್ರಿ.ಶ. 69ಕ್ಕೆ ಬಂದರೆ ಎಡವುತ್ತಿದ್ದೆವು. ಆ ಒಂದೇ ವರ್ಷದಲ್ಲಿ ನಾಲ್ವರು: ಗಾಲ್ಬಾ, ಒಥೋ, ವಿಟೆಲಿಯಸ್, ವೆಸ್ಪೇಸಿಯನ್. ನನಗೂ ಒಕ್ಕಲು ಮನೆಯವನಿಗೂ ಒಥೋ ಕೈತಪ್ಪುತ್ತಿದ್ದ. "ಒಥೋ! ಒಥೋ ಬಿಟ್ರಿ!" ಎಂದು ಗೇರುಸೊಪ್ಪೆಯವನು ತೊಡೆ ತಟ್ಟುತ್ತಿದ್ದ. ಮೂರೇ ತಿಂಗಳು ಆಳಿ ತಾನೇ ಇರಿದುಕೊಂಡು ಸತ್ತವನು ಅವನು. ನಾನಾದರೂ ನೆನಪಿಟ್ಟುಕೊಳ್ಳದಿದ್ದರೆ ಆ ಬಡಪಾಯಿಗೆ ಯಾರಿದ್ದಾರೆ ಎಂಬುದು ಇವನ ವಾದ.

ಒಂದು ರಾತ್ರಿ, ರಜೆಯಲ್ಲಿ, ಊರ ಮನೆಯ ಜಗಲಿಯಲ್ಲಿ ಲಾಟೀನಿಟ್ಟುಕೊಂಡು ನಾನೊಬ್ಬನೇ ಓದುತ್ತಿದ್ದೆ. ಅಪ್ಪಯ್ಯ ಎದ್ದು ಬಂದು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಆ ರಾಜಂದಿರು ಸತ್ತಿದ್ದಕ್ಕೆ ನೀ ಎಂತಕ್ಕೆ ನಿದ್ದೆಗೆಡ್ತೆ?" ಎಂದು ಕೇಳಿ ಒಳಗೆ ಹೋದ. ಸೀಮೆಎಣ್ಣೆಯ ಚಿಂತೆ ಅವನಿಗೆ. ನನಗೆ ಅವನ ಮೇಲೆ ಕನಿಕರ ಹುಟ್ಟಿತು. ಪೆರಿಕ್ಲಿಸ್‌ನ ಅಥೆನ್ಸ್ ಗೊತ್ತಿಲ್ಲದ ಮನುಷ್ಯ! ಆ ಕನಿಕರವನ್ನು ಈಗ ನೆನೆದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಇದಕ್ಕಿಂತ ಹೆಚ್ಚು ನಾಚಿಕೆಯ ಸಂಗತಿಯೊಂದಿದೆ. ಊಳಿಗಮಾನ್ಯ ಪದ್ಧತಿಯ ಪಾಠ. ಒಡೆಯನ ಜಮೀನಿನಲ್ಲಿ ವಾರಕ್ಕೆ ಎರಡು ಮೂರು ದಿನ ಬಿಟ್ಟಿ ದುಡಿಯುವ ಜೀತಗಾರ, ಒಡೆಯನ ಗಿರಣಿಯಲ್ಲೇ ಬೀಸಬೇಕಾದ ಕಾಳು, ಮಗಳ ಮದುವೆಗೂ ಒಡೆಯನಿಗೆ ಕೊಡಬೇಕಾದ ಕಾಣಿಕೆ. ಮೇಷ್ಟ್ರು ಟೆಸ್ಟ್ ಇಟ್ಟರು. ನಾನು ನೋಟ್ಸಿನಲ್ಲಿದ್ದದ್ದನ್ನು ಅಲ್ಪವಿರಾಮವೂ ತಪ್ಪದಂತೆ ಒಪ್ಪಿಸಿ 15ಕ್ಕೆ 13 ತೆಗೆದೆ. ಉತ್ತರವನ್ನು ತರಗತಿಗೆ ಓದಿ ಹೇಳಿದರು. ಒಕ್ಕಲು ಮನೆಯ ಗೆಳೆಯನಿಗೆ ಬಂದದ್ದು 6. ಅವನು ಮಧ್ಯದಲ್ಲಿ, ನಮ್ಮ ಸೀಮೆಯಲ್ಲಿ ಗೇಣಿ ಅಳೆಯುವ ಕೊಳಗ ಬೇರೆ ಇರುತ್ತಿತ್ತು, ದೊಡ್ಡದಿರುತ್ತಿತ್ತು, 1951ರಲ್ಲಿ ಕಾಗೋಡಿನಲ್ಲಿ ಇದಕ್ಕಾಗಿಯೇ ಸತ್ಯಾಗ್ರಹ ನಡೆಯಿತು, ಲೋಹಿಯಾ ಬಂದು ಬಂಧನಕ್ಕೊಳಗಾದರು ಎಂದೆಲ್ಲ ಬರೆದಿದ್ದ. ಆ ಪ್ಯಾರಾಕ್ಕೆ ಅಡ್ಡಗೆರೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಮಾತು: 'ವಿಷಯಾಂತರ'.

ಕೋಣೆಗೆ ಬಂದ ಮೇಲೆ ಅವನು ಸಿಟ್ಟಾಗಲಿಲ್ಲ. "ಇದು ನಮ್ಮಜ್ಜನ ಕಥೆ ಮಾರಾಯ, ಫ್ರಾನ್ಸಿನ ಹೆಸರು ಹಾಕಿದ್ದಾರೆ ಅಷ್ಟೇ" ಎಂದು ನಕ್ಕ. ನಾನು ನಗಲಿಲ್ಲ. ನಮ್ಮ ಮನೆಗೂ ಒಕ್ಕಲುಗಳಿದ್ದವು. 1974ರ ಕಾಯಿದೆ ಬಂದ ಮೇಲೆ ಅವರು ಡಿಕ್ಲರೇಷನ್ ಕೊಟ್ಟಿದ್ದರು, ಭೂಮಿ ಅವರದಾಗಿತ್ತು; ಅಪ್ಪಯ್ಯ ಆ ಗದ್ದೆಯ ಬದಿಯ ದಾರಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದ. ನಮ್ಮ ಅಟ್ಟದ ಮೇಲೆ ಎರಡು ಕೊಳಗಗಳಿದ್ದವು. ಎರಡು ಯಾಕೆ ಎಂದು ನಾನು ಕೇಳಿರಲಿಲ್ಲ. 13 ಅಂಕದವನಿಗೆ ಕಾಣದ್ದು 6 ಅಂಕದವನಿಗೆ ಕಂಡಿತ್ತು. ಮೇಷ್ಟ್ರನ್ನು ದೂರಿ ಪ್ರಯೋಜನವಿಲ್ಲ. ಅವರಿಗೆ ಮುಗಿಸಬೇಕಾದ ಸಿಲಬಸ್ ಇತ್ತು. ಅದಕ್ಕಿಂತ, ಆಮೇಲೆ ನಾನು ಮಾಡಿದ್ದೇನು ಎಂದು ಕೇಳಿಕೊಳ್ಳುವುದು ವಾಸಿ.

ನಾನೂ ಇತಿಹಾಸದ ಮೇಷ್ಟ್ರೇ ಆದೆ. ಪಿ.ಯು. ಕಾಲೇಜುಗಳಲ್ಲಿ 31 ವರ್ಷ. ಹಳೆಯ ನೋಟ್ಸಿಗೆ ಹೊಸ ರಟ್ಟು ಹಾಕಿಸಿಕೊಂಡು ಅದನ್ನೇ ಬರೆಸಿದೆ. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದರು, ಗ್ರೀಕ್ ಪಂಡಿತರು ಹಸ್ತಪ್ರತಿಗಳನ್ನು ಕಂಕುಳಲ್ಲಿ ಅವುಚಿಕೊಂಡು ಇಟಲಿಗೆ ಓಡಿದರು, ಪುನರುಜ್ಜೀವನ ಆಯಿತು. ಎಷ್ಟು ಚೆಂದದ ಕಥೆ, ಎಂಥ ಮಕ್ಕಳಿಗೂ ನೆನಪುಳಿಯುತ್ತದೆ. ಆದರೆ ಪೆಟ್ರಾರ್ಕ್ 1374ರಲ್ಲೇ ತೀರಿಕೊಂಡಿದ್ದ. ಕಾನ್‌ಸ್ಟಾಂಟಿನೋಪಲ್‌ನ ಕ್ರಿಸೊಲೊರಾಸ್ ಎಂಬ ಪಂಡಿತ 1397ರಲ್ಲೇ ಫ್ಲಾರೆನ್ಸಿಗೆ ಬಂದು ಗ್ರೀಕ್ ಕಲಿಸತೊಡಗಿದ್ದ, ಅದೂ ಓಡಿ ಬಂದಲ್ಲ, ಸಂಬಳಕ್ಕೆ. ಅರಿಸ್ಟಾಟಲನಂತೂ ಅದಕ್ಕೂ ಇನ್ನೂರು ವರ್ಷ ಮೊದಲೇ ಸ್ಪೇನಿನ ಟೊಲೆಡೊದಲ್ಲಿ ಅರಬ್ಬಿಯಿಂದ ಲ್ಯಾಟಿನ್ನಿಗೆ ಇಳಿಯುತ್ತಿದ್ದ. ನನ್ನ ನೋಟ್ಸಿನಲ್ಲಿ ಅರಬ್ಬರು ಬಂದದ್ದು ಒಂದೇ ಸಾಲಿನಲ್ಲಿ, ಮಸಾಲೆಯ ದಾರಿ ಮುಚ್ಚಿದವರ ಪಟ್ಟಿಯಲ್ಲಿ.

ಒಮ್ಮೆ 'ಕತ್ತಲ ಯುಗ' ಬರೆಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಆಗ ಇಡೀ ಪ್ರಪಂಚಕ್ಕೇ ಕತ್ತಲೆ ಇತ್ತಾ?" ಎಂದು ಕೇಳಿದ್ದಳು. ಇಡೀ ತರಗತಿ ನಕ್ಕಿತು. ನಾನೂ ನಕ್ಕು, ಕೂತ್ಕೋ ಎಂದೆ. ಆ ಕತ್ತಲೆಯ ಹೊತ್ತಿನಲ್ಲೇ ಇಲ್ಲಿ ಕವಿರಾಜಮಾರ್ಗ ಹುಟ್ಟಿತ್ತು, 941ರಲ್ಲಿ ಪಂಪ ಬರೆದಿದ್ದ. ಪಕ್ಕದ ಕೋಣೆಯಲ್ಲಿ ಕನ್ನಡದ ಮೇಷ್ಟ್ರು ಅದನ್ನೇ ಪಾಠ ಮಾಡುತ್ತಿದ್ದರು. ನಡುವೆ ಅರ್ಧ ಅಡಿ ಗೋಡೆ. ನೀರೋ ಪಿಟೀಲು ಬಾರಿಸಿದ್ದನ್ನೂ ಹೇಳಿಬಿಡುತ್ತೇನೆ: ಕ್ರಿ.ಶ. 64ರಲ್ಲಿ ರೋಮಿಗೆ ಬೆಂಕಿ ಬಿದ್ದಾಗ ಪಿಟೀಲು ಹುಟ್ಟಲು ಇನ್ನೂ ಒಂದೂವರೆ ಸಾವಿರ ವರ್ಷ ಬಾಕಿಯಿತ್ತು. ಅದನ್ನೂ ಬಹಳ ವರ್ಷ ಅಭಿನಯಸಹಿತ ಹೇಳಿದ್ದೇನೆ.

ಗಿಬ್ಬನ್ನನ ಹೆಸರನ್ನು ಬರೆಸಿದ್ದೇ ಬರೆಸಿದ್ದು, ಓದಿದ್ದು ಮಾತ್ರ ನಿವೃತ್ತಿ ಹತ್ತಿರವಾದಾಗ. ಅಲ್ಲಿ ನಮ್ಮ ಹತ್ತು ಕಾರಣಗಳಲ್ಲಿ ಇಲ್ಲದ ಒಂದು ವಸ್ತು ಸಿಕ್ಕಿತು. ಕ್ರಿ.ಶ. 408ರಲ್ಲಿ ಗಾಥರ ಅಲಾರಿಕ್ ರೋಮಿಗೆ ಮುತ್ತಿಗೆ ಹಾಕಿ, ಬಿಟ್ಟುಹೋಗಲು ಕೇಳಿದ ಕಪ್ಪ: 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, 4,000 ರೇಷ್ಮೆ ಅಂಗಿ, ಕೆಂಬಣ್ಣದ 3,000 ಚರ್ಮ ಮತ್ತು 3,000 ಪೌಂಡ್ ಕಾಳುಮೆಣಸು. ಮೆಣಸು! ನಮ್ಮ ಪಶ್ಚಿಮ ಘಟ್ಟದ ಬುಡದಿಂದ ಹೋಗುತ್ತಿದ್ದ ಸರಕು. ನಾನು ಜಗಲಿಯಲ್ಲಿ ರೋಮ್ ಪತನ ಉರುಹೊಡೆಯುತ್ತಿದ್ದಾಗ ಅಂಗಳದ ಚಾಪೆಯ ಮೇಲೆ ಒಣಗುತ್ತಿದ್ದದ್ದು ಅದೇ. ತಡೆಯಲಾರದೆ ಒಕ್ಕಲು ಮನೆಯ ಗೆಳೆಯನಿಗೆ ಫೋನು ಮಾಡಿದೆ. ಅವನೂ ಮಾಸ್ತರಿಕೆ ಮುಗಿಸಿ ತೋಟ ನೋಡಿಕೊಂಡಿದ್ದಾನೆ. "ರೋಮಿನ ಪೌಂಡು ಎಷ್ಟು ಗ್ರಾಂ?" ಎಂದ. ಮುನ್ನೂರ ಇಪ್ಪತ್ತೇಳರ ಹತ್ತಿರ ಎಂದೆ. "ಹತ್ತು ಕ್ವಿಂಟಾಲಿಗೆ ಚೂರು ಕಡಿಮೆ. ಈ ಸಲ ನಮ್ಮ ಸೊಸೈಟಿಯಲ್ಲೇ ಅಷ್ಟು ಬಿದ್ದಿದೆ, ಅಲಾರಿಕ್ಕನಿಗೆ ಬರ್ಲಿಕ್ಕೆ ಹೇಳು."

ಈಗ ಈ ಇಗರ್ಜಿಗೇ ಯಾಕೆ ಹಟ ಹಿಡಿದೆ ಎಂಬುದಕ್ಕೆ ಬರುತ್ತೇನೆ. ಗಿಬ್ಬನ್ ಒಂದು ಕಾರಣ. 1764ರ ಅಕ್ಟೋಬರ್ 15ರ ಸಂಜೆ ಈ ಗುಡ್ಡದ ಮೇಲೆ ಕೂತು, ಬರಿಗಾಲ ಸನ್ಯಾಸಿಗಳ ಸಂಜೆಯ ಪ್ರಾರ್ಥನೆ ಕೇಳುತ್ತಿದ್ದಾಗ ರೋಮಿನ ಪತನದ ಇತಿಹಾಸ ಬರೆಯುವ ಯೋಚನೆ ಮೊದಲು ಹೊಳೆಯಿತು ಎಂದು ಅವನು ಹೇಳಿಕೊಂಡಿದ್ದಾನೆ. ಇಗರ್ಜಿಯನ್ನು ಜೂಪಿಟರನ ಗುಡಿ ಎಂದು ತಿಳಿದಿದ್ದ. ಆ ಗುಡಿಯಿದ್ದದ್ದು ಗುಡ್ಡದ ಇನ್ನೊಂದು ನೆತ್ತಿಯಲ್ಲಿ. ಅಂಥ ಗಿಬ್ಬನ್ನನಿಗೂ ಜಾಗ ತಪ್ಪಿತ್ತು ಎಂಬುದು ನಮ್ಮಂಥವರಿಗೆ ಸಣ್ಣ ಸಮಾಧಾನ.

ಆದರೆ ನನ್ನನ್ನು ಹತ್ತಿಸಿದವನು ಗಿಬ್ಬನ್ ಅಲ್ಲ. ಪಿಯೆತ್ರೊ ದೆಲ್ಲಾ ವಾಲ್ಲೆ.

ವ್ಯಾಲ್ಯುಯೇಷನ್ನಿಗೆಂದು ಬೆಂಗಳೂರಿಗೆ ಹೋಗಿದ್ದಾಗ, ಪರಿಚಯದ ಪ್ರಾಧ್ಯಾಪಕರೊಬ್ಬರ ಮನೆಯಲ್ಲಿ ಅವನ ಪತ್ರಗಳು ಕಣ್ಣಿಗೆ ಬಿದ್ದವು, ಹಾಕ್ಲೂಯಿಟ್ ಸೊಸೈಟಿ 1892ರಲ್ಲಿ ತಂದ ಇಂಗ್ಲಿಷ್ ಸಂಪುಟಗಳು. ಸುಮ್ಮನೆ ಪುಟ ತಿರುವಿದರೆ ಹೊನ್ನಾವರ, ಗೇರುಸೊಪ್ಪೆ, ಇಕ್ಕೇರಿ! ನಿಂತಲ್ಲೇ ಓದಿದೆ. ರೋಮಿನ ಸಿರಿವಂತ ಮನೆತನದವನು, 1614ರಲ್ಲಿ ದೇಶ ಬಿಟ್ಟವನು, 1623ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದಿದ್ದ. ಹೊಳೆಯಲ್ಲಿ ದೋಣಿಯೇರಿ ಗೇರುಸೊಪ್ಪೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ. ಅಂದರೆ ನನ್ನ ಗೆಳೆಯನ ಊರಿನಿಂದ ನನ್ನ ಊರಿಗೆ. ಇಕ್ಕೇರಿಯ ಬೀದಿಯಲ್ಲಿ ಹುಡುಗಿಯರ ಕೋಲಾಟ ನೋಡಿ ಬರೆದಿದ್ದಾನೆ. ಅಘೋರೇಶ್ವರನ ಗುಡಿಯ ನೆಲದಲ್ಲಿ ಅಡ್ಡಬಿದ್ದಂತೆ ಕೆತ್ತಿರುವ ನಾಯಕರ ಮೇಲೆ ಹುಡುಗರಾಗಿ ನಾವು ಕುಂಟಾಬಿಲ್ಲೆ ಆಡುತ್ತಿದ್ದೆವು. ಆ ಊರನ್ನು ರಾಜಧಾನಿಯಾಗಿ ಕಂಡ ರೋಮನ್ ಒಬ್ಬನಿದ್ದ ಎಂದು ಯಾವ ನೋಟ್ಸೂ ಹೇಳಿರಲಿಲ್ಲ.

ಘಟ್ಟದ ದಾರಿಯ ಒಂದು ಗುಡಿಯ ಜಗಲಿಯಲ್ಲಿ, ಸಾಮಾನು ಹೊರೆಕಟ್ಟುವವರೆಗೆ ಹೊತ್ತು ಕಳೆಯುತ್ತ, ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ಅವನು ನೋಡಿದ. ನೆಲಕ್ಕೆ ನುಣ್ಣನೆ ಮರಳು ಹರವಿದ್ದಾರೆ. ಒಬ್ಬ ಲೆಕ್ಕವನ್ನು ರಾಗವಾಗಿ ಹಾಡುತ್ತ ಬೆರಳಿನಿಂದ ಮರಳ ಮೇಲೆ ಬರೆಯುತ್ತಾನೆ, ಉಳಿದವರು ಅದನ್ನೇ ಹಾಡಿ ಬರೆಯುತ್ತಾರೆ. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು. ಮೇಷ್ಟ್ರಿಲ್ಲ. ಮರೆತರೆ ತಿದ್ದುವವರು ಯಾರು ಎಂದು ರೋಮಿನವನು ಕೇಳಿದ. ನಾಲ್ವರೂ ಒಂದೇ ಕಡೆ ಮರೆಯಲಾರೆವು, ಒಬ್ಬ ತಪ್ಪಿದರೆ ಇನ್ನೊಬ್ಬ ಹೇಳುತ್ತಾನೆ, ಅದಕ್ಕೇ ಜೊತೆಯಾಗಿ ಕಲಿಯುವುದು ಎಂದರು ಹುಡುಗರು. ಅವನಿಗೆ ಬಹಳ ಮೆಚ್ಚುಗೆಯಾಯಿತು. ಪರಿಚಯದ ಪ್ರಾಧ್ಯಾಪಕರು ಕಾಫಿ ತಂದಿಟ್ಟು ಎರಡು ಸಲ ಕರೆದರಂತೆ, ನನಗೆ ಕೇಳಿಸಲಿಲ್ಲ.

ಎಲ್ಲವೂ ಮೆಚ್ಚುಗೆಯ ಕಥೆಯಲ್ಲ. ಇಕ್ಕೇರಿಯಲ್ಲಿ ಅವನು ಸತಿ ಹೋಗಲಿದ್ದ ಹೆಂಗಸೊಬ್ಬಳ ಮನೆ ಹುಡುಕಿಕೊಂಡು ಹೋಗಿ ಮಾತಾಡಿದ್ದಾನೆ. ಡೋಲು ಬಾರಿಸುವವನ ಹೆಂಡತಿ. ಬೇಡವೆಂದು ತಿಳಿಹೇಳಿ ಸೋತಿದ್ದಾನೆ. ಹೆಸರನ್ನು ತನ್ನ ಕಿವಿಗೆ ಬಿದ್ದಂತೆ ಬರೆದಿಟ್ಟಿದ್ದಾನೆ, ಜಕ್ಕಮ್ಮ ಇರಬೇಕು. ನಮ್ಮ ನಾಯಕರ ಬಿರುದಾವಳಿಗಳ ನಡುವೆ ಅವಳಂಥವಳಿಗೆ ಜಾಗವೆಲ್ಲಿ? ಅವಳ ಹೆಸರು ಉಳಿದದ್ದು ಪರದೇಶಿಯೊಬ್ಬನ ಪತ್ರದಲ್ಲಿ. ಅವನಿಗೂ ಸಾವು ಹೊಸದಲ್ಲ. ಬಾಗ್ದಾದಿನಲ್ಲಿ ಪ್ರೀತಿಸಿ ಮದುವೆಯಾದ ಮಾನಿ ಎಂಬ ಹೆಂಡತಿ ಪರ್ಷಿಯಾದಲ್ಲಿ ತೀರಿಕೊಂಡಾಗ, ಅಲ್ಲಿ ಹೂಳಲು ಮನಸ್ಸು ಬಾರದೆ, ದೇಹ ಕೆಡದಂತೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟು ಜೊತೆಗೇ ಹೊತ್ತು ತಿರುಗಿದ. ಆ ಪೆಟ್ಟಿಗೆ ಭಾರತಕ್ಕೂ ಬಂದಿತ್ತು. ಹೆಂಡತಿಯ ಹೆಣವನ್ನು ಬಿಡಲಾರದ ಗಂಡಸು, ಗಂಡನ ಹೆಣದ ಹಿಂದೆ ಹೊರಟ ಹೆಂಗಸಿಗೆ ಬದುಕು ಎಂದು ಹೇಳುತ್ತ ಇಕ್ಕೇರಿಯ ಒಂದು ಮನೆಯ ಬಾಗಿಲಲ್ಲಿ ನಿಂತಿದ್ದಾನೆ. ನನಗೆ ಯುರೋಪು ಅಂದರೆ ಈಗ ಮೊದಲು ನೆನಪಾಗುವುದು ಈ ಚಿತ್ರ.

ಕೊನೆಗೆ ಅವನು ಮಾನಿಯನ್ನು ಮಣ್ಣು ಮಾಡಿದ್ದು ಇದೇ ಅರಾಚೇಲಿಯಲ್ಲಿ. 1652ರಲ್ಲಿ ತಾನೂ ಅಲ್ಲೇ ಸೇರಿದ.

ಒಳಗೆ ತಂಪಿತ್ತು. ಹಳೆಯ ರೋಮಿನ ಬೇರೆ ಬೇರೆ ಕಟ್ಟಡಗಳಿಂದ ಕಿತ್ತು ತಂದ ಕಂಬಗಳು, ಒಂದರಂತೆ ಇನ್ನೊಂದಿಲ್ಲ. ಊರಿಂದ ಪೊಟ್ಟಣದಲ್ಲಿ ನಾಲ್ಕು ಮೆಣಸಿನ ಕಾಳು ತಂದಿದ್ದೆ, ಅಲ್ಲೆಲ್ಲೋ ಇಟ್ಟು ಬರುವ ಹುಚ್ಚು ಯೋಚನೆಯಿತ್ತು. ಕಾವಲಿನವನು ನೋಡುತ್ತಲೇ ಇದ್ದ. ಪೊಟ್ಟಣ ಜೇಬಿನಲ್ಲೇ ಉಳಿಯಿತು.

ಹೊರಗೆ ಬಂದು ಮೆಟ್ಟಿಲ ತುದಿಯಲ್ಲಿ ಕೂತು ಗೆಳೆಯನಿಗೆ ವಿಡಿಯೋ ಕಾಲ್ ಮಾಡಿದೆ. ತಲೆಗೆ ಹಾಳೆಟೊಪ್ಪಿ, ಹಿಂದೆ ತೋಟ. ಮೆಟ್ಟಿಲು ಎಣಿಸುವಾಗ ಮಗ್ಗಿ ಬಂದ ಕಥೆ ಹೇಳಿದೆ. "ಹೇಳು ನೋಡುವ" ಎಂದು ಅವನೇ ಶುರು ಮಾಡಿದ. ಆಗಸ್ಟಸ್, ಟೈಬೀರಿಯಸ್. ಪಕ್ಕದಲ್ಲಿ ಕೂತಿದ್ದ ಯಾರೋ ಪ್ರವಾಸಿಗಳು ತಿರುಗಿ ನೋಡಿದರು. ಕ್ಯಾಲಿಗುಲಾ, ಕ್ಲಾಡಿಯಸ್, ನೀರೋ, ಗಾಲ್ಬಾ. ನಾನು ವಿಟೆಲಿಯಸ್ ಎಂದೆ. ಅವನು ವೆಸ್ಪೇಸಿಯನ್ ಎಂದ. ಇಬ್ಬರೂ ನಿಂತೆವು.

"ಒಬ್ಬ ಕಡಿಮೆ ಆದ ಮಾರಾಯ. ಆ ವರ್ಷ ನಾಲ್ಕು ಜನ."

ಹೌದು, ನಾಲ್ಕು. ಮತ್ತೆ ಮೊದಲಿಂದ ಹೇಳಿದೆವು. ಅದೇ ಜಾಗದಲ್ಲಿ ಅದೇ ತಪ್ಪು. ಗೇರುಸೊಪ್ಪೆಯವನು ಹೋಗಿ ಮೂರು ಮಳೆಗಾಲವಾಯಿತು. ಅವನ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಮಗಳು ಫೋನು ತೆಗೆದು, ನೋಡಿ ಹೇಳ್ಲಾ ಅಪ್ಪಾ ಎಂದಳು. ಬೇಡ ಎಂದು ಕೈಸನ್ನೆ ಮಾಡಿದೆ.

ಆ ರಾತ್ರಿ ಎರಡು ಗಂಟೆಗೆ ತಲೆದಿಂಬಿನ ಬದಿಯ ಫೋನು ಬೆಳಗಿತು. ಅಲ್ಲಿ ಬೆಳಗಿನ ಐದೂವರೆ, ಅವನು ಕೊಟ್ಟಿಗೆಗೆ ಹೋಗುವ ಹೊತ್ತು. ಬರೆದದ್ದು ಒಂದೇ ಪದ.

'ಒಥೋ.'